ಕೈತಪ್ಪಿದ ಎಲೆ

ನಾಲ್ವರು ಆಟಕ್ಕೆ ಕುಳಿತಿದ್ದಾರೆ. 52 ಎಲೆಗಳ ಕಟ್ಟು ಒಬ್ಬನ ಕೈಯಲ್ಲಿದೆ. ಹಂಚುತ್ತಿರುವಾಗ ಬೆರಳು ಜಾರಿ ಒಂದು ಎಲೆ ಮಗುಚಿ ಬೀಳುತ್ತದೆ. ಅದು ಕಳಾವರ್ ರಾಜ ಎಂಬುದನ್ನು ನಾಲ್ವರೂ ನೋಡಿಬಿಡುತ್ತಾರೆ. ಈಗೇನು ಮಾಡಬೇಕು? ಎಲೆಯನ್ನು ಮಗುಚಿ ಹಾಕಿ ಮುಂದುವರಿಯುವುದೇ? ಎಲ್ಲವನ್ನೂ ಕಲಸಿ ಮತ್ತೆ ಹಂಚುವುದೇ? ಹಂಚುವ ಸರದಿಯನ್ನೇ ಅವನಿಂದ ಕಿತ್ತು ಪಕ್ಕದವನಿಗೆ ಕೊಡುವುದೇ? ಇನ್ನೊಂದು ಸಂದರ್ಭವನ್ನೂ ಊಹಿಸಬಹುದು. ಆಟ ಅರ್ಧ ಮುಗಿದ ಮೇಲೆ ಒಬ್ಬನ ಕೈಯಲ್ಲಿ ಒಂದು ಎಲೆ ಕಡಿಮೆ ಇರುವುದು ಗೊತ್ತಾಗುತ್ತದೆ. ಅದುವರೆಗೆ ನಡೆದ ಆಟ ಊರ್ಜಿತವೋ ಅನೂರ್ಜಿತವೋ?

ಇಸ್ಪೀಟು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜೂಜು, ಪೊಲೀಸ್ ದಾಳಿ, ಬೀದಿಗೆ ಬಿದ್ದ ಸಂಸಾರಗಳು. ಆ ನೆನಪು ಸುಳ್ಳಲ್ಲ. ಜೂಜಿನ ಸಮರ್ಥನೆ ಈ ಲೇಖನದ ಉದ್ದೇಶವೂ ಅಲ್ಲ. ಆದರೆ ಎಲೆ ಹಂಚುವಾಗ ಆಗುವ ತಪ್ಪನ್ನು ಹೇಗೆ ಸರಿಪಡಿಸಬೇಕು ಎಂಬ ಈ ಸಣ್ಣ ಪ್ರಶ್ನೆಗೆ ಸುಮಾರು ಮುನ್ನೂರು ವರ್ಷಗಳ ಲಿಖಿತ ಚರಿತ್ರೆಯಿದೆ. ಅದನ್ನು ಓದುತ್ತಾ ಹೋದರೆ ಆಟಕ್ಕಿಂತ ದೊಡ್ಡದಾದ ಒಂದು ತೊಡಕು ಕಾಣಿಸುತ್ತದೆ. ತಪ್ಪು ಮತ್ತು ಮೋಸ ಹೊರನೋಟಕ್ಕೆ ಒಂದೇ ಥರ ಇರುತ್ತವೆ. "ಕೈ ತಪ್ಪಿತು" ಎಂದವನು ನಿಜವನ್ನೇ ಹೇಳುತ್ತಿರಬಹುದು, ಹೇಳದೆಯೂ ಇರಬಹುದು. ಎದೆ ಬಗೆದು ನೋಡಲು ಯಾರಿಂದಲೂ ಆಗದು. ತಕ್ಕಡಿ ಹಿಡಿದ ವ್ಯಾಪಾರಿ, ಮತ ಎಣಿಸುವ ಗುಮಾಸ್ತ, ಉತ್ತರ ಪತ್ರಿಕೆಯ ಅಂಕ ಕೂಡಿಸುವ ಮೇಷ್ಟ್ರು, ಎಲ್ಲರ ಮುಂದೆಯೂ ಇದೇ ಸಂಶಯ ಸುಳಿಯುತ್ತದೆ. ಇಸ್ಪೀಟಿನ ಮೇಜು ಇದಕ್ಕೆ ತನ್ನದೇ ಆದ ಪರಿಹಾರ ಕಂಡುಕೊಂಡಿತು.

ಮೊದಲು ಎಲೆಗಳು ಬಂದ ದಾರಿಯನ್ನು ನೋಡೋಣ. ಚೀನಾದಲ್ಲಿ ಹುಟ್ಟಿದ ಎಲೆಯಾಟ ಪಶ್ಚಿಮಕ್ಕೆ ಸಾಗಿ ಮಮ್ಲೂಕ್ ಸುಲ್ತಾನರ ಈಜಿಪ್ಟನ್ನು ತಲುಪಿತು. ಆ ಕಾಲದ ಒಂದು ಕಟ್ಟು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಸಿಕ್ಕಿದೆ. ವಿದ್ವಾಂಸ ಎಲ್. ಎ. ಮೇಯರ್ 1939ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. 52 ಎಲೆಗಳ ಆ ಕಟ್ಟಿನಲ್ಲಿ 47 ಉಳಿದಿವೆ. ಒಂದೊಂದು ಎಲೆಯೂ ಸುಮಾರು 25 ಸೆಂಟಿಮೀಟರ್ ಉದ್ದ. ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲು ಎಂಬ ನಾಲ್ಕು ಜಾತಿಗಳು. (ಎಲೆಗಳ ವಿಷಯದಲ್ಲೂ ನಾವು 'ಜಾತಿ' ಎಂದೇ ಹೇಳುತ್ತೇವಲ್ಲ!) ಮನುಷ್ಯರ ಚಿತ್ರಗಳಿಲ್ಲ. ಬದಲಿಗೆ ಮಲಿಕ್, ನಾಯಿಬ್, ಎರಡನೇ ನಾಯಿಬ್ ಎಂದು ಸುಂದರವಾದ ಅರಬಿ ಲಿಪಿಯಲ್ಲಿ ಬರೆಯಲಾಗಿದೆ. ನಾಯಿಬ್ ಎಂದರೆ ಪ್ರತಿನಿಧಿ. ನಮ್ಮ 'ನವಾಬ' ಕೂಡ ಅದೇ ಪದದ ಬಹುವಚನದಿಂದ ಬಂದದ್ದು. 1377ರಲ್ಲಿ ಫ್ಲಾರೆನ್ಸ್ ನಗರ 'ನಯಿಬೆ' ಎಂಬ ಹೊಸ ಆಟದ ವಿರುದ್ಧ ಆಜ್ಞೆ ಹೊರಡಿಸಿತು. ಸ್ಪೇನಿನಲ್ಲಿ ಇಂದಿಗೂ ಇಸ್ಪೀಟಿಗೆ 'ನೈಪೆಸ್' ಎನ್ನುತ್ತಾರೆ. ಯುರೋಪಿನ ರಾಜ, ರಾಣಿಯರು ಕುಳಿತ ಸಿಂಹಾಸನ ಮೂಲತಃ ಕೈರೋದ್ದು ಎಂದರೆ ಹೆಚ್ಚೇನೂ ತಪ್ಪಿಲ್ಲ.

ಇಲ್ಲೊಂದು ಲೆಕ್ಕದ ಸೊಗಸಿದೆ. 52ನ್ನು ನಾಲ್ಕರಿಂದ ಭಾಗಿಸಿದರೆ 13, ಶೇಷವಿಲ್ಲ. ಅಂದರೆ ಒಂದೊಂದಾಗಿ ಸರಿಯಾಗಿ ಹಂಚಿದರೆ ಕೊನೆಯ ಎಲೆ ಹಂಚಿದವನ ಕೈಗೇ ಬಂದು ನಿಲ್ಲಬೇಕು. ಬೇರೆಯವರ ಮುಂದೆ ನಿಂತರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಯಾರೂ ಬೊಟ್ಟು ಮಾಡಿ ತೋರಿಸುವ ಮೊದಲೇ ಕಟ್ಟು ತನ್ನ ಲೆಕ್ಕವನ್ನು ತಾನೇ ಒಪ್ಪಿಸುತ್ತದೆ.

ನಮ್ಮ ಗಂಜೀಫಾದಲ್ಲೂ ಇದೇ ಗುಣವಿದೆ. ಬಾಬರನು 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟದ್ದನ್ನು ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅಕ್ಬರನ ಆಸ್ಥಾನದಲ್ಲಿ 12 ಜಾತಿಗಳ 144 ಎಲೆಗಳ ಆಟವಿತ್ತು ಎಂದು ಅಬುಲ್ ಫಜಲ್ 'ಐನೆ ಅಕ್ಬರಿ'ಯಲ್ಲಿ ವಿವರಿಸುತ್ತಾನೆ. ಹೆಚ್ಚು ಬಳಕೆಗೆ ಬಂದದ್ದು ಎಂಟು ಜಾತಿಗಳ 96 ಎಲೆಗಳ ಕಟ್ಟು: ತಾಜ್, ಸಫೇದ್, ಶಂಶೇರ್, ಗುಲಾಮ್, ಚಂಗ್, ಸುರ್ಖ್, ಬರಾತ್, ಕಿಮಾಶ್. ನಮ್ಮ ಹಳ್ಳಿಗಳಲ್ಲಿ ರಾಣಿಯ ಕೆಳಗಿನ ಎಲೆಯನ್ನು ಇವತ್ತಿಗೂ 'ಗುಲಾಮ' ಎನ್ನುತ್ತಾರೆ. 'ಇಸ್ಪೀಟು', 'ತುರುಫು' ಎಂಬ ಮಾತುಗಳೋ ಯುರೋಪಿನಿಂದ ಬಂದವು. ಒಂದೇ ಕಟ್ಟಿನೊಳಗೆ ಎರಡು ಸಮುದ್ರಗಳ ಪದಗಳು ಕನ್ನಡದಲ್ಲಿ ಹೀಗೆ ಕಲೆಸಿಕೊಂಡಿವೆ.

ಗಂಜೀಫಾವನ್ನು ಸಾಮಾನ್ಯವಾಗಿ ಮೂವರು ಆಡುತ್ತಾರೆ. 96 ಎಲೆಗಳಾದರೆ ತಲೆಗೆ 32, ದಶಾವತಾರದ 120 ಎಲೆಗಳಾದರೆ ತಲೆಗೆ 40. ಹಂಚಿಕೆ ಬಲಗಡೆಗೆ ಸಾಗುತ್ತದೆ. ಎಲೆಗಳು ದುಂಡಗಿರುವುದರಿಂದ ಇಸ್ಪೀಟಿನಂತೆ ಕೈಯಲ್ಲಿ ಹಿಡಿದು ಕಲಸಲಾಗುವುದಿಲ್ಲ. ಬಟ್ಟೆಯ ಮೇಲೆ ಬೋರಲು ಹಾಕಿ ಅಂಗೈಯಿಂದ ಕಲಸಬೇಕು. ಎಲ್ಲರ ಕಣ್ಣೆದುರೇ ನಡೆಯುವ ಈ ಕಲಸುವಿಕೆಯಲ್ಲಿ ಕೈಚಳಕಕ್ಕೆ ಅವಕಾಶ ಕಡಿಮೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಗಂಜೀಫಾ ಪ್ರೀತಿ ಎಲ್ಲರಿಗೂ ಗೊತ್ತಿರುವಂಥದ್ದೇ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ 36 ಎಲೆಗಳಿಂದ ಹಿಡಿದು 360 ಎಲೆಗಳವರೆಗಿನ ಚದ್ ಆಟಗಳ ವರ್ಣನೆಯಿದೆ. 360 ಎಲೆಗಳನ್ನು ಹಂಚುವುದೆಂದರೆ ಅದೇ ಒಂದು ವ್ರತವಾಗಿದ್ದಿರಬೇಕು!

ಆದರೆ ಅಬುಲ್ ಫಜಲ್ ಎಲೆಗಳ ಮೇಲಿನ ಅಶ್ವಪತಿ, ಗಜಪತಿಗಳ ಚಿತ್ರಗಳನ್ನು ಬಣ್ಣಿಸುತ್ತಾನೆಯೇ ಹೊರತು, ಹಂಚುವಾಗ ತಪ್ಪಿದರೆ ಏನು ಮಾಡಬೇಕು ಎಂಬುದರ ಗೋಜಿಗೆ ಹೋಗುವುದಿಲ್ಲ. ಅದು ಸಹಜವೇ. ಬಾದಶಹನ ಕೈ ತಪ್ಪಿದರೆ ಎದ್ದುನಿಂತು ಹೇಳುವವರಾರು? ತಪ್ಪಿಗೆ ನಿಯಮ ಬೇಕಾಗುವುದು ಸರಿಸಮಾನರ ನಡುವೆ. ಒಬ್ಬರ ಮಾತಿಗೆ ಇನ್ನೊಬ್ಬರು ತಲೆಬಾಗಬೇಕಾದ ಕಟ್ಟಳೆಯಿಲ್ಲದ ಕಡೆ ಲಿಖಿತ ನಿಯಮ ಅನಿವಾರ್ಯವಾಗುತ್ತದೆ. ಹದಿನೆಂಟನೇ ಶತಮಾನದ ಲಂಡನ್ ಅಂಥ ಸ್ಥಳವಾಗಿತ್ತು.

1742ರಲ್ಲಿ ಎಡ್ಮಂಡ್ ಹೊಯ್ಲ್ ಎಂಬ ವೃದ್ಧರು 'ವಿಸ್ಟ್' ಆಟದ ಬಗ್ಗೆ ಒಂದು ಚಿಕ್ಕ ಪುಸ್ತಕ ಪ್ರಕಟಿಸಿದರು. ಆಗ ಅವರಿಗೆ 70ರ ಆಸುಪಾಸು. ಶ್ರೀಮಂತರಿಗೆ ಆಟ ಕಲಿಸುವುದು ಅವರ ವೃತ್ತಿ. ಪುಸ್ತಕದ ಬೆಲೆ ಒಂದು ಗಿನಿ, ಅಂದಿನ ಕಾಲಕ್ಕೆ ದುಬಾರಿಯೇ. ಆದರೂ ಅದು ಎಷ್ಟು ಜನಪ್ರಿಯವಾಯಿತೆಂದರೆ ಕಳ್ಳ ಮುದ್ರಣಗಳು ಹುಟ್ಟಿಕೊಂಡವು. ಅಸಲಿ ಪ್ರತಿಯೆಂದು ತೋರಿಸಲು ಹೊಯ್ಲ್ ಸಹಿ ಹಾಕಿ ಕೊಡಬೇಕಾಯಿತು. ಇಂಗ್ಲಿಷಿನಲ್ಲಿ 'ಹೊಯ್ಲ್ ಪ್ರಕಾರ' ಎಂದರೆ 'ನಿಯಮ ಪ್ರಕಾರ' ಎಂದೇ ಅರ್ಥವಾಗಿಬಿಟ್ಟಿದೆ.

ವಿಸ್ಟ್ ಆಟದಲ್ಲಿ ಹಂಚುವಿಕೆಗೆ ಯಾಕೆ ಅಷ್ಟು ಮಹತ್ವ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಾಲ್ವರು, ಇಬ್ಬಿಬ್ಬರ ಎರಡು ಜೋಡಿ. ತಲೆಗೆ 13 ಎಲೆ. ಕೊನೆಯದಾಗಿ ಹಂಚಿದವನಿಗೆ ಬರುವ ಎಲೆಯನ್ನು ಎಲ್ಲರಿಗೂ ಕಾಣುವಂತೆ ಮಗುಚುತ್ತಾರೆ. ಆ ಎಲೆಯ ಜಾತಿಯೇ ಆ ಆಟದ ತುರುಫು. ಬಳಿಕ ಆ ಎಲೆ ಅವನ ಕೈ ಸೇರುತ್ತದೆ. ಅಂದರೆ ಹಂಚಿದವನಿಗೆ ಕನಿಷ್ಠ ಒಂದು ತುರುಫು ಖಾತ್ರಿ. ಹೀಗಾಗಿ ಅಲ್ಲಿ ಹಂಚುವುದು ಚಾಕರಿಯಲ್ಲ, ಹಕ್ಕು. ಆ ಹಕ್ಕು ಸರದಿಯಂತೆ ಸುತ್ತುತ್ತದೆ. ಹಂಚುವಾಗ ತಪ್ಪಿದರೆ ಆ ಹಕ್ಕು ಕೈಬಿಟ್ಟು ಮುಂದಿನವನಿಗೆ ಹೋಗುತ್ತದೆ.

ಮಗುಚಿ ಬಿದ್ದ ಎಲೆಯ ಬಗ್ಗೆ ಹೊಯ್ಲ್ ಕೊಟ್ಟ ಪರಿಹಾರ ನೋಡಿ. ಹಂಚುವಾಗ ಎಲೆಯೊಂದು ತೆರೆದುಕೊಂಡರೆ, ಮತ್ತೆ ಹಂಚಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ ಎದುರಾಳಿ ಜೋಡಿಯದು. ಎದುರಾಳಿಯ ಕೈ ತಗುಲಿಯೇ ಎಲೆ ಮಗುಚಿದ್ದರೆ ಆ ಅಧಿಕಾರ ಹಂಚುವವನದು. ಇಷ್ಟೇ. ಯಾಕೆ ಮಗುಚಿತು, ಬೇಕೆಂದೇ ಮಗುಚಿದೆಯಾ ಎಂಬ ವಿಚಾರಣೆಯೇ ಇಲ್ಲ. ನನ್ನ ಪ್ರಕಾರ ಈ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಒಬ್ಬ ಬೇಕೆಂದೇ ಎಲೆ ಮಗುಚಿದ ಎಂದಿಟ್ಟುಕೊಳ್ಳಿ. ಅದರಿಂದ ಅವನಿಗೆ ಲಾಭವಾಗುವಂತಿದ್ದರೆ ಎದುರಾಳಿ ಮರುಹಂಚಿಕೆ ಕೇಳುತ್ತಾನೆ, ನಷ್ಟವಾಗುವಂತಿದ್ದರೆ ಸುಮ್ಮನಿರುತ್ತಾನೆ. ಎರಡರಲ್ಲೂ ಮೋಸಕ್ಕೆ ಫಲವಿಲ್ಲ. ಇನ್ನು ನಿಜವಾಗಿಯೂ ಕೈ ಜಾರಿದವನು ಕಳ್ಳನೆನಿಸಿಕೊಳ್ಳದೆ ಪಾರಾಗುತ್ತಾನೆ. ಮನಸ್ಸಿನೊಳಗೆ ಇಣುಕುವ ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು, ಆಯ್ಕೆಯನ್ನು ತಪ್ಪು ಮಾಡದವನ ಕೈಗೆ ಕೊಟ್ಟರೆ ಸಾಕು ಎಂಬ ತಿಳಿವಳಿಕೆ ಇದರಲ್ಲಿದೆ.

ನೂರು ವರ್ಷಗಳ ಅಭ್ಯಾಸದಲ್ಲಿ ಈ ನಿಯಮಗಳು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಬೇರೆಯಾದವು, ಜಗಳಗಳು ಹೆಚ್ಚಿದವು. ಕೊನೆಗೆ ಜೆ. ಎಲ್. ಬಾಲ್ಡ್‌ವಿನ್ ಎಂಬವರ ಸಂಪಾದಕತ್ವದಲ್ಲಿ, ಲಂಡನ್ನಿನ ಆರ್ಲಿಂಗ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಕ್ಲಬ್ಬುಗಳ ಒಪ್ಪಿಗೆಯೊಂದಿಗೆ 1864ರಲ್ಲಿ ಒಂದು ಸಂಹಿತೆ ಹೊರಬಂತು. ಶಾಸನಸಭೆಯ ಕಾಯ್ದೆಯಷ್ಟೇ ಬಿಗಿಯಾದ ಭಾಷೆಯಲ್ಲಿರುವ ಆ ಸಂಹಿತೆಯ ಕೆಲವು ಕಲಮುಗಳನ್ನು ನಿಧಾನವಾಗಿ ನೋಡುವುದು ಒಳ್ಳೆಯದು.

ಎಲೆಗಳನ್ನು ಒಂದೊಂದಾಗಿ, ಎಡಗಡೆಯವನಿಂದ ಶುರುಮಾಡಿ, ಕ್ರಮ ತಪ್ಪದೆ ಹಂಚದಿದ್ದರೆ ಅದು ತಪ್ಪು ಹಂಚಿಕೆ. ಕೊನೆಯ ಎಲೆ ಕ್ರಮದಂತೆ ಹಂಚಿದವನಿಗೆ ಬರದಿದ್ದರೆ ತಪ್ಪು ಹಂಚಿಕೆ. ಇಲ್ಲಿಯವರೆಗೆ ಯಾರಿಗೂ ತಕರಾರಿರಲಾರದು. ಮುಂದಿನದು ಮಾತ್ರ ವಿಚಿತ್ರ. ತಾನು ತಪ್ಪಿದೆನೇನೋ ಎಂಬ ಅನುಮಾನದಿಂದ ಹಂಚುವವನು ಮೇಜಿನ ಮೇಲಿನ ಎಲೆಗಳನ್ನಾಗಲಿ ಕೈಯಲ್ಲಿ ಉಳಿದವುಗಳನ್ನಾಗಲಿ ಎಣಿಸಿದರೆ, ಅದೂ ತಪ್ಪು ಹಂಚಿಕೆಯೇ! ಎಣಿಸಿದಾಗ ಎಲ್ಲವೂ ಸರಿಯಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಮೊದಲ ಓದಿಗೆ ಇದು ಕ್ರೌರ್ಯ ಅನ್ನಿಸುತ್ತದೆ. ಪ್ರಾಮಾಣಿಕನಾದವನಲ್ಲವೇ ಎಣಿಸಿ ನೋಡುವುದು? ಆದರೆ ಯೋಚಿಸಿದರೆ ಕಾರಣ ಹೊಳೆಯುತ್ತದೆ. ನಡುವೆ ನಿಲ್ಲಿಸಿ ಎಣಿಸಲು ಬಿಟ್ಟರೆ, ಎಣಿಸುವ ನೆಪದಲ್ಲಿ ಎಲೆಗಳನ್ನು ಮುಟ್ಟುವ, ಸ್ಥಾನಪಲ್ಲಟ ಮಾಡುವ ಅವಕಾಶ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಲಾಭ ಪಡೆಯುವವನೇ ತನ್ನ ತಪ್ಪಿನ ತನಿಖೆಯನ್ನೂ ನಡೆಸಿದಂತಾಗುತ್ತದೆ. ಸಂಹಿತೆ ಬರೆದವರು ಇದಕ್ಕೆ ಒಪ್ಪಲಿಲ್ಲ.

ಹಾಗೆಂದು ಎದುರಾಳಿಗೂ ಸಡಿಲ ಬಿಟ್ಟಿಲ್ಲ. ಹಂಚುತ್ತಿರುವಾಗ ಎದುರಾಳಿ ಎಲೆ ಮುಟ್ಟಿದರೆ ಅಥವಾ ಅಡ್ಡಿಪಡಿಸಿದರೆ, ಆಗ ಆದ ತಪ್ಪಿಗೆ ಹಂಚುವವನು ತನ್ನ ಸರದಿ ಕಳೆದುಕೊಳ್ಳುವುದಿಲ್ಲ. ಇನ್ನೊಬ್ಬನ ಗಮನ ಕೆಡಿಸಿ ತಪ್ಪು ಮಾಡಿಸಿ, ಆಮೇಲೆ ತಪ್ಪಾಯಿತೆಂದು ಕೂಗುವವರು ಎಲ್ಲ ಕಾಲದಲ್ಲೂ ಇದ್ದಾರೆ ಎಂಬುದು ಆ ಮಹನೀಯರಿಗೆ ಚೆನ್ನಾಗಿ ಗೊತ್ತಿತ್ತು.

ಸಮಯದ ಪ್ರಶ್ನೆಯೂ ಇದೆ. ಸರದಿಯಲ್ಲದವನು ಹಂಚತೊಡಗಿದರೆ ತುರುಫಿನ ಎಲೆ ಮಗುಚುವ ಮೊದಲು ತಡೆಯಬಹುದು. ಮಗುಚಿದ ಮೇಲೆ ತಪ್ಪೇ ಆಗಿಲ್ಲವೆಂಬಂತೆ ಆಟ ಮುಂದುವರಿಯಬೇಕು. ಯಾಕೆಂದರೆ ತುರುಫು ಯಾವುದೆಂದು ಗೊತ್ತಾದ ಮೇಲೆ ಆಕ್ಷೇಪಿಸುವವನು ನ್ಯಾಯಕ್ಕಾಗಿ ಆಕ್ಷೇಪಿಸುತ್ತಿದ್ದಾನೋ, ತನ್ನ ಎಲೆಗಳು ಹಿಡಿಸದೆ ಆಕ್ಷೇಪಿಸುತ್ತಿದ್ದಾನೋ ಹೇಳಲಾಗದು. ಸಿವಿಲ್ ನ್ಯಾಯಾಲಯಗಳಲ್ಲಿ ದಾವೆ ಹೂಡಲು ಕಾಲಮಿತಿ ಇರುವಂತೆಯೇ ಇದು.

ಇನ್ನು ಒಂದು ಎಲೆ ಕಡಿಮೆ ಬಂದವನ ಪಾಡು. ಉಳಿದ ಮೂವರಿಗೆ ತಲಾ 13 ಸರಿಯಾಗಿದ್ದು, ನಾಲ್ಕನೆಯವನು ತನಗೆ 12 ಮಾತ್ರ ಬಂದದ್ದನ್ನು ಆಟ ಶುರುವಾದ ಮೇಲಷ್ಟೇ ಗಮನಿಸಿದರೆ, ಹಂಚಿಕೆ ಊರ್ಜಿತ. ಕಾಣೆಯಾದ ಎಲೆಯನ್ನು ಅವನು ಹುಡುಕಬಹುದು. ಆದರೆ ಆ ಎಲೆ ಮೊದಲಿನಿಂದಲೂ ಅವನ ಕೈಯಲ್ಲೇ ಇತ್ತು ಎಂದು ಪರಿಗಣಿಸಲಾಗುತ್ತದೆ. ಆ ಜಾತಿಯ ಎಲೆ ಇಳಿಸಬೇಕಾದಲ್ಲಿ ಬೇರೆ ಇಳಿಸಿದ್ದರೆ ಅದರ ದಂಡವೂ ಅವನ ತಲೆಗೇ. ತಪ್ಪು ಮಾಡಿದವನು ಹಂಚಿದವನೇ ಇರಬಹುದು, ಆದರೆ ತನ್ನ ಪಾಲನ್ನು ಎಣಿಸಿಕೊಳ್ಳುವ ಹೊಣೆ ಪಾಲುಗಾರನದು ಎಂಬ ನಿಲುವು. ಇದು ತುಸು ಕಠೋರ ಎಂದೇ ನನಗನ್ನಿಸುತ್ತದೆ. ಹಂಚಿದವನು ಪೂರಾ ಪಾರಾಗಿ, ಕಡಿಮೆ ಬಂದವನು ಮಾತ್ರ ಬಲಿಯಾಗುವುದು ಯಾವ ನ್ಯಾಯ ಎಂದು ಕೇಳಬಹುದು. ಆದರೂ ಈ ಕಲಮು ಇಂದಿಗೂ ಬದುಕಿದೆ.

ಈ ನಿಯಮಗಳೆಲ್ಲ ಆಡುವವನೇ ಹಂಚುವ ಮೇಜಿಗೆ ಸಂಬಂಧಿಸಿದವು. ಹಂಚಲೆಂದೇ ಸಂಬಳದ ನೌಕರನನ್ನು ಕೂರಿಸಿದಾಗ ಚಿತ್ರ ಬದಲಾಯಿತು. ಕ್ಯಾಸಿನೋಗಳಲ್ಲಿ, ಪೋಕರ್ ಕೋಣೆಗಳಲ್ಲಿ ಹಂಚುವವನಿಗೆ ಎಲೆಗಳಲ್ಲಿ ಪಾಲಿಲ್ಲ. ಅವನನ್ನು ಶಿಕ್ಷಿಸಿ ಆಟಗಾರರಿಗೆ ಆಗಬೇಕಾದ್ದೇನೂ ಇಲ್ಲ. ಅಲ್ಲಿ ಉಳಿಯುವ ಪ್ರಶ್ನೆ ಒಂದೇ: ತಪ್ಪು ನಡೆಯದೇ ಇದ್ದಿದ್ದರೆ ಏನಾಗುತ್ತಿತ್ತೋ ಅದಕ್ಕೆ ಸಾಧ್ಯವಾದಷ್ಟು ಹತ್ತಿರ ಹೋಗುವುದು ಹೇಗೆ?

ಪೋಕರ್‌ನ ಒಂದು ಉದಾಹರಣೆ ಸಾಕು. ಅದರ ಒಂದು ಪ್ರಸಿದ್ಧ ಬಗೆಯಲ್ಲಿ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ತೆರೆದಿಡುತ್ತಾರೆ. ಮೊದಲು ಮೂರು, ಪಣ ಮುಗಿದ ಮೇಲೆ ನಾಲ್ಕನೆಯದು, ಮತ್ತೆ ಪಣ ಮುಗಿದ ಮೇಲೆ ಐದನೆಯದು. ಹಂಚುವವನು ಅವಸರದಲ್ಲಿ, ಪಣ ಮುಗಿಯುವ ಮೊದಲೇ ನಾಲ್ಕನೆಯ ಎಲೆ ತೆರೆದುಬಿಟ್ಟ ಎನ್ನಿ. ರೂಢಿಯ ಪರಿಹಾರ ಹೀಗಿದೆ: ಆ ಎಲೆಯನ್ನು ಬದಿಗಿಡಬೇಕು. ಪಣ ಮುಗಿದ ಬಳಿಕ, ಐದನೆಯದಾಗಿ ಬರಬೇಕಿದ್ದ ಎಲೆಯನ್ನೇ ನಾಲ್ಕನೆಯದಾಗಿ ತೆರೆಯಬೇಕು. ಆಮೇಲೆ ಬದಿಗಿಟ್ಟದ್ದನ್ನು ಉಳಿದ ಎಲೆಗಳೊಂದಿಗೆ ಕಲಸಿ ಐದನೆಯದನ್ನು ಹಂಚಬೇಕು. ಹೀಗೆ ಮಾಡಿದರೆ ಅವಸರದಲ್ಲಿ ತೆರೆದ ಎಲೆಗೂ ಮರಳಿ ಬರುವ ಒಂದು ಅವಕಾಶ ಉಳಿಯುತ್ತದೆ. ಸಮಯದ ನಿಯಮವೂ ಇಲ್ಲಿದೆ. ಒಂದಿಬ್ಬರು ಪಣವಿಟ್ಟು ಆಟ ಗಣನೀಯವಾಗಿ ಮುಂದೆ ಸಾಗಿದ ಮೇಲೆ ತಪ್ಪು ಹಂಚಿಕೆಯೆಂದು ಕೂಗುವಂತಿಲ್ಲ. 1864ರ ತುರುಫಿನ ಎಲೆಯ ನಿಯಮವೇ ಬೇರೆ ವೇಷದಲ್ಲಿ ಬಂದು ಕುಳಿತಿದೆ.

ಆದರೆ ಮೇಜಿನ ಒಂದು ಪಕ್ಷ ಕ್ಯಾಸಿನೋ ಆದಾಗ ಈ ನ್ಯಾಯ ಎಲ್ಲಿಯವರೆಗೆ ನಿಲ್ಲುತ್ತದೆ? 2012ರ ಏಪ್ರಿಲ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಗೋಲ್ಡನ್ ನಗೆಟ್ ಕ್ಯಾಸಿನೋದಲ್ಲಿ ಬ್ಯಾಕರಾಟ್ ಆಟಕ್ಕೆ ಹೊಸ ಎಲೆಗಳನ್ನು ತೆರೆಯಲಾಯಿತು. ಕಾರ್ಖಾನೆಯಲ್ಲೇ ಕಲಸಿ ಬರಬೇಕಾಗಿದ್ದ ಆ ಎಲೆಗಳು ಕಲಸದೆಯೇ ಬಂದಿದ್ದವು. ಒಂದೇ ಕ್ರಮದಲ್ಲಿ ಎಲೆಗಳು ಮತ್ತೆ ಮತ್ತೆ ಬೀಳುವುದನ್ನು ಆಟಗಾರರು ಗಮನಿಸಿದರು. 10 ಡಾಲರ್ ಇಡುತ್ತಿದ್ದವರು 5,000 ಡಾಲರ್ ಇಡತೊಡಗಿದರು. ಸತತ 41 ಆಟಗಳು, 14 ಆಟಗಾರರು, 15 ಲಕ್ಷಕ್ಕೂ ಮಿಕ್ಕಿದ ಡಾಲರ್. ಅವರು ಯಾರೂ ಎಲೆ ಮುಟ್ಟಿರಲಿಲ್ಲ. ನೋಡಿದರು, ಅಷ್ಟೇ. ವಿವಾದ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ನ್ಯಾಯಾಧೀಶೆ ಡೋನಾ ಟೇಲರ್ ಕ್ಯಾಸಿನೋ ಪರ ತೀರ್ಪು ಕೊಟ್ಟರು. ಎಲೆ ಕಲಸಿಲ್ಲವೆಂದ ಮೇಲೆ ಅದು ಆ ರಾಜ್ಯದ ನಿಯಮಗಳು ಒಪ್ಪುವ ಆಟವೇ ಅಲ್ಲ. ಗೆದ್ದವರು ಗೆದ್ದದ್ದನ್ನೂ, ಕ್ಯಾಸಿನೋ ಅವರು ಇಟ್ಟ ಪಣವನ್ನೂ ಹಿಂದಿರುಗಿಸಬೇಕು ಎಂಬುದು ತೀರ್ಪಿನ ಸಾರ.

ಕಾನೂನಿನ ಅಕ್ಷರಕ್ಕೆ ಇದು ಸರಿಯಿರಬಹುದು. ಆದರೆ ವಿಸ್ಟ್ ಕ್ಲಬ್ಬಿನ ಮುದುಕರು ಇದನ್ನು ಒಪ್ಪುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಆಟ ಮುಂದೆ ಸಾಗಿದ ಮೇಲೆ ಆಕ್ಷೇಪಕ್ಕೆ ಬೆಲೆಯಿಲ್ಲ ಎಂಬ ಕಟ್ಟಳೆ ಆಟಗಾರನಿಗೆ ಮಾತ್ರ ಅನ್ವಯಿಸಿ, ಮೇಜಿನ ಮಾಲೀಕನಿಗೆ ಅನ್ವಯಿಸದೇ ಹೋಯಿತು. ಅದೇ ಕ್ರಮದ ಎಲೆಗಳಿಂದ ಆ ರಾತ್ರಿ ಆಟಗಾರರು ಸೋತಿದ್ದರೆ ಈ ದೂರು ಯಾರಿಂದ, ಎಷ್ಟು ಬೇಗ ಬರುತ್ತಿತ್ತು?

ನಮ್ಮ ದೇಶದ ಕತೆಯಲ್ಲೂ ಇದೇ ಅಸಮಾನತೆಯ ಎಳೆಯಿದೆ. ಲಂಡನ್ನಿನಲ್ಲಿ ಆ ನಯವಾದ ಸಂಹಿತೆ ಬಂದ ಮೂರೇ ವರ್ಷಗಳಿಗೆ, 1867ರಲ್ಲಿ, ಬ್ರಿಟಿಷ್ ಸರಕಾರ ಉತ್ತರ ಭಾರತದ ಪ್ರಾಂತ್ಯಗಳಿಗಾಗಿ ಸಾರ್ವಜನಿಕ ಜೂಜು ಕಾಯ್ದೆ ತಂದಿತು. ವಾರಂಟು ಹಿಡಿದು ಶೋಧಿಸಿದ ಮನೆಯಲ್ಲಿ ಇಸ್ಪೀಟು ಎಲೆ, ದಾಳ ಸಿಕ್ಕಿದರೆ ಸಾಕು, ಬೇರೆ ಎಂದು ಸಾಬೀತಾಗುವವರೆಗೆ ಅದು ಜೂಜುಕಟ್ಟೆ ಎಂಬುದಕ್ಕೆ ಅದೇ ಸಾಕ್ಷ್ಯ. ತಮ್ಮ ಕ್ಲಬ್ಬಿನ ಮೇಜಿನಲ್ಲಿ ಯಾರ ಮನಸ್ಸನ್ನೂ ಶಂಕಿಸದ ಜಾಗ್ರತೆ ವಹಿಸಿದ ಜನ, ಇಲ್ಲಿನವರ ಮನೆಯಲ್ಲಿ ಎಲೆ ಕಂಡೊಡನೆ ಅಪರಾಧವನ್ನು ಊಹಿಸಿಕೊಂಡರು. ಜೂಜನ್ನು ತಡೆಯಬೇಕಾದದ್ದು ನಿಜ. ನಾನು ಹೇಳುತ್ತಿರುವುದು ಅನುಮಾನದ ಭಾರವನ್ನು ಯಾರ ತಲೆಗೆ ಹೇರಲಾಯಿತು ಎಂಬುದರ ಬಗ್ಗೆ.

ಇದೇ ಬಗೆಯ ಊಹೆಗೆ ಅವಕಾಶ ಕೊಟ್ಟ ಹೈದರಾಬಾದ್ ಜೂಜು ಕಾಯ್ದೆಯಡಿ ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ ದಾಳಿ ನಡೆದು, ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1967ರ ನವೆಂಬರ್‌ನಲ್ಲಿ ತೀರ್ಪು ಬಂತು. ತೀರ್ಪು ಬರೆದವರು ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ. ಮರುವರ್ಷ ಅವರು ದೇಶದ ಮುಖ್ಯ ನ್ಯಾಯಮೂರ್ತಿಗಳಾದರು. ರಮ್ಮಿ ಕೇವಲ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಂಡು ಕೈಯನ್ನು ಕಟ್ಟುವುದಕ್ಕೆ ಕೌಶಲ ಬೇಕು ಎಂದು ಅವರು ಹೇಳಿದ್ದು ಬಹಳ ಪ್ರಸಿದ್ಧ. ಆದರೆ ಅದೇ ತೀರ್ಪಿನಲ್ಲಿ ಹಂಚುವಿಕೆಯ ಬಗ್ಗೆ ಇರುವ ಮಾತನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಎಲೆಗಳನ್ನು ಕಲಸಿ ಹಂಚುವ ಎಲ್ಲ ಆಟಗಳಲ್ಲೂ ಅದೃಷ್ಟದ ಅಂಶ ಇದ್ದೇ ಇರುತ್ತದೆ, ಯಾಕೆಂದರೆ ಹಂಚಿಕೆ ಯಾವ ಗೊತ್ತಾದ ಕ್ರಮವನ್ನೂ ಅನುಸರಿಸುವುದಿಲ್ಲ. ರಮ್ಮಿಯಲ್ಲಿರುವ ಅದೃಷ್ಟ ಬ್ರಿಜ್ ಆಟದ ಹಂಚಿಕೆಯಲ್ಲಿರುವ ಅದೃಷ್ಟದಂಥದ್ದೇ ಎಂದು ಅವರು ಬರೆದರು. ಅಂದರೆ ಇಡೀ ವಾದ ಹಂಚುವ ಕೈಯ ನಿಷ್ಪಕ್ಷಪಾತದ ಮೇಲೆ ನಿಂತಿದೆ. ಹಂಚಿಕೆಯಲ್ಲಿ ಕ್ರಮ ನುಸುಳಿದರೆ ಅದೃಷ್ಟವೂ ಉಳಿಯುವುದಿಲ್ಲ, ಕೌಶಲವೂ ಉಳಿಯುವುದಿಲ್ಲ. ನಮ್ಮಲ್ಲಿ ಪೊಲೀಸ್ ವರದಿಗಳಲ್ಲಿ ಸದಾ ಕಾಣಿಸಿಕೊಳ್ಳುವ ಅಂದರ್ ಬಾಹರ್‌ನಲ್ಲಂತೂ ಹಂಚುವುದನ್ನು ಬಿಟ್ಟರೆ ಬೇರೆ ಆಟವೇ ಇಲ್ಲ. ಅಲ್ಲಿ ಒಂದು ಎಲೆ ಹೆಚ್ಚುಕಡಿಮೆಯಾಯಿತೆಂದರೆ ಆಟವೇ ಹೋಯಿತು. (ಆನ್‌ಲೈನ್ ರಮ್ಮಿಯಲ್ಲಿ ಹಂಚುವುದು ಯಂತ್ರ. ಹಣ ಪಣವಿಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಅಂಗೀಕರಿಸಿತು. ಅದು ಬೇರೆಯೇ ಚರ್ಚೆ.)

ಹಿದಾಯತುಲ್ಲಾ ಹೋಲಿಕೆಗೆ ಆರಿಸಿಕೊಂಡ ಬ್ರಿಜ್, ವಿಸ್ಟ್‌ನ ಮಗಳು. ಅದರ ಮೊದಲ ಮುದ್ರಿತ ನಿಯಮಗಳು 'ಬಿರಿಚ್' ಎಂಬ ಹೆಸರಿನಲ್ಲಿ 1886ರಲ್ಲಿ ಬಂದವು. ಬರೆದ ಜಾನ್ ಕಾಲಿನ್ಸನ್ ಆಟ ಕಲಿತದ್ದು ಉಸ್ಮಾನೀ ಸಾಮ್ರಾಜ್ಯದ ರಾಜಧಾನಿ ಇಸ್ತಾಂಬುಲಿನಲ್ಲಿ. ಮಮ್ಲೂಕರ ಎಲೆಗಳಿದ್ದ ಊರಿನಿಂದಲೇ ಅವುಗಳ ಅತಿ ಗಂಭೀರ ಆಟವೂ ಪಶ್ಚಿಮಕ್ಕೆ ಹೋದದ್ದು ಕಾಕತಾಳೀಯ. ಮುಂದೆ ಈಜಿಪ್ಟಿನ ನಟ ಉಮರ್ ಶರೀಫ್ ಸಿನಿಮಾದಷ್ಟೇ ಬ್ರಿಜ್‌ನಿಂದಲೂ ಹೆಸರಾದರು.

ಬ್ರಿಜ್ ಬಂದಾಗ ತಪ್ಪು ಹಂಚಿದವನ ಸರದಿ ಕಿತ್ತುಕೊಳ್ಳುವ ಶಿಕ್ಷೆ ಹೋಯಿತು. ಅದೇ ವ್ಯಕ್ತಿ ಮತ್ತೆ ಹಂಚುತ್ತಾನೆ, ಅಷ್ಟೇ. ಇಪ್ಪತ್ತನೇ ಶತಮಾನದಲ್ಲಿ ಕೂಗಿನ ಬ್ರಿಜ್ ನೆಲೆಯೂರಿದಾಗ ತುರುಫು ನಿರ್ಧಾರವಾಗುವುದು ಹರಾಜಿನಂಥ ಕೂಗಿನಿಂದ. ಹಂಚಿದವನಿಗೆ ಮೊದಲು ಕೂಗುವ ಅವಕಾಶ ಬಿಟ್ಟರೆ ಹೆಚ್ಚಿನ ಲಾಭವಿಲ್ಲ. ಲಾಭವಿಲ್ಲದ ಕಡೆ ದಂಡವೇಕೆ? ಈಗಿನ ಅಂತರರಾಷ್ಟ್ರೀಯ ಬ್ರಿಜ್ ನಿಯಮಗಳ ಪೀಠಿಕೆಯೇ, ನಿಯಮಗಳು ದಂಡಿಸುವುದಕ್ಕಲ್ಲ, ತಪ್ಪು ಮಾಡದವರಿಗೆ ಆಗುವ ನಷ್ಟವನ್ನು ಸರಿಪಡಿಸುವುದಕ್ಕೆ ಇವೆ ಎಂದು ಸಾರುತ್ತದೆ. 1864ರಿಂದ ಇಲ್ಲಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಬೇಕಾಯಿತು.

ಸ್ಪರ್ಧೆಗಳಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ಒಮ್ಮೆ ಹಂಚಿದ ನಾಲ್ಕು ಕೈಗಳನ್ನೇ ಒಂದು ಹಲಗೆಯ ಗೂಡುಗಳಲ್ಲಿಟ್ಟು ಮೇಜಿನಿಂದ ಮೇಜಿಗೆ ಕಳುಹಿಸುತ್ತಾರೆ. ಎಲ್ಲರೂ ಅವೇ ಎಲೆಗಳನ್ನು ಆಡುವುದರಿಂದ ಅದೃಷ್ಟದ ಪಾತ್ರ ಕುಗ್ಗುತ್ತದೆ. ಬೇರೆ ಮೇಜುಗಳಲ್ಲಿ ಆಡಿಯಾದ ಎಲೆಗಳನ್ನು ಕಲಸಿ ಮತ್ತೆ ಹಂಚುವಂತಿಲ್ಲ. ಹಾಗಾಗಿ ಎಲೆ ಹೆಚ್ಚುಕಡಿಮೆಯಾದರೆ ನಿರ್ದೇಶಕರನ್ನು ಕರೆದು ಮೂಲ ಹಂಚಿಕೆಯಂತೆ ಸರಿಪಡಿಸಬೇಕು. ಕಾಣೆಯಾಗಿ ಸಿಕ್ಕಿದ ಎಲೆ ಮೊದಲಿನಿಂದಲೂ ಆ ಕೈಯಲ್ಲೇ ಇತ್ತೆಂದು ಭಾವಿಸುವ ಹಳೆಯ ಕಲಮು ಇಲ್ಲೂ ಇದೆ. ಅದಕ್ಕೆಂದೇ ಪ್ರತಿಯೊಬ್ಬ ಆಟಗಾರನೂ ಗೂಡಿನಿಂದ ಎಲೆಗಳನ್ನು ತೆಗೆದೊಡನೆ, ಮುಖ ನೋಡುವ ಮೊದಲು, ಬೋರಲಾಗಿಯೇ ಎಣಿಸಬೇಕೆಂಬ ನಿಯಮ ಮಾಡಿದ್ದಾರೆ. ವಿಸ್ಟ್ ಮೇಜಿನಲ್ಲಿ ಹಂಚುವವನು ನಡುವೆ ಎಣಿಸಿದರೆ ಸರದಿ ಹೋಗುತ್ತಿತ್ತು. ಇಲ್ಲಿ ನಾಲ್ವರೂ ತಲೆ ತಗ್ಗಿಸಿ 13ರವರೆಗೆ ಎಣಿಸುತ್ತಾರೆ. 12 ಬಂದವನು ಎಲೆಗಳನ್ನು ಬೋರಲಾಗಿಯೇ ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ, ನಿರ್ದೇಶಕರಿಗಾಗಿ ಕೈ ಎತ್ತುತ್ತಾನೆ.